ಮನೆ ಸಿಕ್ಕಿದೆಯಲ್ಲ, ಇನ್ನೂ ಬಾಡಿಗೆ ಮನೇಲಿ ಯಾಕಿದ್ದೀರಿ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ಒಣಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ವಾಟ್ಸಾಪ್ ಮಾಡುತ್ತೇನೆ. ಓದಿದರೆ ಓದಿ, ಬಿಟ್ಟರೆ ಬಿಡಿ.

ವಿಷಯ ಇಷ್ಟೇ. ಸರ್ಕಾರದ ಒಂದು ಯೋಜನೆಯಲ್ಲಿ ಅಮ್ಮನ ಹೆಸರಿಗೆ ಬಳ್ಳಾರಿ ಊರಾಚೆ ಒಂದು ಮನೆ ಬಂದಿದೆ. ಎರಡನೇ ಮಹಡಿ. ನಾವು ಮಾತ್ರ ಇನ್ನೂ ಕೌಲ್ ಬಜಾರಿನ ಹಳೇ ಬಾಡಿಗೆ ಮನೆಯಲ್ಲೇ ಇದ್ದೇವೆ.

ಹೋದ ತಿಂಗಳು ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ ಊಟದ ಪಂಕ್ತಿಯಲ್ಲಿ ಕೂತಿದ್ದೆ. ಎದುರಿನ ಸಾಲಿನಿಂದ ಮಾವ ಕೂಗಿದರು. "ಏನಳಿಯಾ, ಗೌರ್ಮೆಂಟು ಪುಕ್ಕಟೆ ಮನಿ ಕೊಟ್ರೂ ಒಲ್ಲೆ ಅಂತೀರಂತೆ?" ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಹೋಳಿಗೆಗೆ ತುಪ್ಪ ಹಾಕುತ್ತಿದ್ದವನೂ ನಿಂತುಬಿಟ್ಟ. ನನ್ನ ಪಕ್ಕದವರಂತೂ ಮೆಲ್ಲಗೆ, "ಬಾಡಿಗಿಗೆ ಕೊಟ್ಟೀರೇನು? ಎಷ್ಟು ಬರ್ತದ?" ಅಂದರು.

ಮೊದಲು ಆ 'ಪುಕ್ಕಟೆ' ವಿಷಯ. ಪುಕ್ಕಟೆ ಅಲ್ಲ. ಫಲಾನುಭವಿಯ ವಂತಿಗೆ ಅಂತ ಒಂದಿದೆ. ಅಮ್ಮ ಅದನ್ನು ಕಟ್ಟಿದ್ದು ಚೀಟಿ ಎತ್ತಿ, ಕಿವಿಯೋಲೆ ಒತ್ತೆ ಇಟ್ಟು. ಇನ್ನು ಬಾಡಿಗೆ. ಕೊಟ್ಟಿಲ್ಲ, ಬೀಗ ಹಾಕಿದೆ. ಬೀಗದ ಕೈ ದೇವರ ಗೂಡಿನಲ್ಲಿದೆ, ಬಂದು ನೋಡಬಹುದು. ಅಂದಹಾಗೆ ಗೃಹಪ್ರವೇಶಕ್ಕೆ ಮಾವ ಬಂದಿರಲಿಲ್ಲ. ಯಾಕೆ ಅಂದರೆ, "ಅಷ್ಟು ದೂರ ಯಾರು ಬರ್ತಾರಪಾ" ಅಂದಿದ್ದರು.

ನಾವು ಅಲ್ಲಿಗೆ ಹೋಗಲೇ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹೋಗಿದ್ವಿ. ಒಂದು ತಿಂಗಳು ಹದಿನೇಳು ದಿನ ಇದ್ವಿ. ಮನೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಗಾಳಿ ಬರುತ್ತದೆ. ಕಿಟಕಿಯಿಂದ ಬಳ್ಳಾರಿ ಗುಡ್ಡ ಸಣ್ಣಗೆ ಕಾಣುತ್ತದೆ. ಎಷ್ಟು ಸಣ್ಣಗೆ ಅನ್ನೋದರಲ್ಲೇ ಊರು ಎಷ್ಟು ದೂರ ಅಂತ ನಮಗೆ ತಿಳಿಯಬೇಕಿತ್ತು. ಬಚ್ಚಲಿನ ಟೈಲ್ಸ್ ಮೇಲೆ ಕೈಯಾಡಿಸಿ ಅಮ್ಮ ಕಣ್ಣೀರು ಹಾಕಿದ್ದಳು.

ಅಮ್ಮ ಕೌಲ್ ಬಜಾರಿನ ಒಂದು ಜೀನ್ಸ್ ಘಟಕದಲ್ಲಿ ಸೊಂಟದ ಪಟ್ಟಿಗೆ ಲೂಪ್ ಹೊಲಿಯುತ್ತಾಳೆ. ಪೀಸ್ ಲೆಕ್ಕ. ಆರ್ಡರ್ ಇದ್ದಾಗ ರಾತ್ರಿ ಒಂಬತ್ತಾಗುತ್ತದೆ. ಇಲ್ಲಿಂದ ಐದು ನಿಮಿಷದ ನಡಿಗೆ. ಮಧ್ಯಾಹ್ನ ಬಂದು ಉಂಡು ಹೋಗುತ್ತಾಳೆ. ಅಲ್ಲಿಂದಾದರೆ ಬೆಳಿಗ್ಗೆ ಶೇರ್ ಆಟೋದಲ್ಲಿ ರಾಯಲ್ ಸರ್ಕಲ್ಲಿಗೆ 20 ರೂಪಾಯಿ, ಅಲ್ಲಿಂದ ಇನ್ನೊಂದು ಆಟೋಗೆ 10. ಸಂಜೆ ಬೇಗ ಬಿಟ್ಟರೆ ವಾಪಸ್ ಬರೋಕೂ ಅಷ್ಟೇ. ರಾತ್ರಿ ಒಂಬತ್ತರ ಮೇಲೆ ಶೇರ್ ಆಟೋ ಆ ಕಡೆ ತಿರುಗಿಯೂ ನೋಡಲ್ಲ. ಒಬ್ಬಳೇ ಇಡೀ ಆಟೋ ಹಿಡಿದರೆ 120.

ಬಸ್ ಫ್ರೀ ಅಲ್ವಾ ಅಂತೀರಿ, ಗೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟ್. ಅಮ್ಮನ ಆಧಾರ್ ಕಾರ್ಡು ಪರ್ಸಿನಲ್ಲಿ ರೆಡಿ ಇರುತ್ತದೆ. ಆದರೆ ಸೊನ್ನೆ ಟಿಕೆಟ್ ಹರಿಯೋಕೆ ಕಂಡಕ್ಟರ್ ಬೇಕು, ಕಂಡಕ್ಟರ್ ಬರೋಕೆ ಬಸ್ ಬೇಕು. ನಮ್ಮಲ್ಲಿಗೆ ಹಗಲು ನಾಲ್ಕು ಸಲ ಬರುತ್ತಿತ್ತು. ಮೊದಲನೆಯದು ಹತ್ತು ಗಂಟೆಗೆ, ಅಮ್ಮ ಕೆಲಸಕ್ಕೆ ಕೂತು ಒಂದೂವರೆ ತಾಸು ಆದಮೇಲೆ. ತಂಗುದಾಣ ಮಾತ್ರ ಜೋರಾಗಿದೆ. ಅಲ್ಲಿ ಕುರಿಗಳು ಮಲಗುತ್ತವೆ.

ನಾನು ಬೈಕಲ್ಲಿ ಕರ್ಕೊಂಡು ಬರಬಹುದಲ್ಲ? ನನ್ನದು ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ಅಮ್ಮ ಬಿಡುವ ಹೊತ್ತಿಗೆ ಒಂದೋ ನಾನು ಡ್ಯೂಟಿಯಲ್ಲಿರುತ್ತೇನೆ, ಇಲ್ಲ ನಿದ್ದೆಯಲ್ಲಿರುತ್ತೇನೆ.

ಅಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಆಟೋ ಲೆಕ್ಕವನ್ನೂ ಬರೆದಿಟ್ಟಳು. ತಿಂಗಳ ಕೊನೆಗೆ ಕೂಡಿಸಿದ್ವಿ. ಅವಳದು 2,910. ತಮ್ಮನ ಕಾಲೇಜಿನದು 1,440. ಒಟ್ಟು 4,350. ಕೌಲ್ ಬಜಾರಿನ ಮನೆ ಬಾಡಿಗೆ 3,500. ಅಂದರೆ ಸ್ವಂತ ಮನೆಯಲ್ಲಿ ಇರೋಕೆ ತಿಂಗಳಿಗೆ 850 ರೂಪಾಯಿ ಜಾಸ್ತಿ. ಹೋಗಿ ಬರೋದರಲ್ಲಿ ತಪ್ಪಿಹೋದ ಲೂಪ್‌ಗಳ ದುಡ್ಡನ್ನು ಇದಕ್ಕೆ ಸೇರಿಸಿಲ್ಲ. ಅಮ್ಮ ಬೇಡ ಅಂದಳು, ನೋಡಿದರೆ ಹೊಟ್ಟೆ ಉರಿಯುತ್ತದಂತೆ.

ಉತ್ತರ ಮುಗೀತು. ಸಿಟ್ಟು ಮುಗಿದಿಲ್ಲ. ನೀವು ಯಾಕೆ ಹೋಗಲಿಲ್ಲ ಅಂತ ಎಲ್ಲರೂ ನಮ್ಮನ್ನು ಕೇಳುತ್ತಾರೆ. ಮನೆಗೆ ಆ ಜಾಗ ಆರಿಸಿದ್ದು ಯಾಕೆ ಅಂತ ಒಬ್ಬರಾದರೂ ಕೇಳಿದ್ದಾರಾ? ಇದನ್ನು ಕೇಳಿದ್ದರೆ ನಾನು ಎರಡನೇ ಹೋಳಿಗೆಯನ್ನೂ ಬಿಟ್ಟು ಕೂತು ಹೇಳುತ್ತಿದ್ದೆ.

ಕೇಳದಿದ್ದರೂ ಹೇಳುತ್ತೇನೆ. 2015ರಲ್ಲಿ ನಗರಗಳಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರೋರಿಗೆ 30 ಚದರ ಮೀಟರ್‌ವರೆಗಿನ ಮನೆ. ಇಂಥ ಸಮುಚ್ಚಯಗಳಲ್ಲಿ ಮನೆಯೊಂದಕ್ಕೆ ಕೇಂದ್ರ 1.5 ಲಕ್ಷ ಕೊಡುತ್ತಿತ್ತು. ಆ ದುಡ್ಡು ಗೋಡೆಗೆ. ಜಾಗವನ್ನು ಇಲ್ಲಿನವರೇ ಹುಡುಕಬೇಕು. ಹುಡುಕೋರು ಎಲ್ಲಿ ಹುಡುಕುತ್ತಾರೆ? ಅಗ್ಗಕ್ಕೆ ಸಿಗುವ ಕಡೆ, ಇಲ್ಲ ಸರ್ಕಾರಿ ಜಮೀನು ಖಾಲಿ ಬಿದ್ದಿರುವ ಕಡೆ. ಬಸ್ ಹೋಗದ ಜಾಗ ಅಗ್ಗ. ಅಗ್ಗ ಅಂತ ಅಲ್ಲೇ ಕಟ್ಟುತ್ತಾರೆ. ಉಳಿದ ದುಡ್ಡನ್ನು ಅಲ್ಲಿದ್ದಷ್ಟು ದಿನ ಅಮ್ಮ ಆಟೋದವನಿಗೆ ಕೊಡುತ್ತಿದ್ದಳು.

ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. 2017ರಲ್ಲಿ ಕೇಂದ್ರವೇ ಒಂದು ನೀತಿ ಹೊರಡಿಸಿತು. ನಿಲ್ದಾಣದಿಂದ 500ರಿಂದ 800 ಮೀಟರ್, ಅಂದರೆ ಹತ್ತು ನಿಮಿಷ ನಡೆಯುವಷ್ಟು ದೂರದೊಳಗೆ ಹೆಚ್ಚು ಮನೆ ಕಟ್ಟಿ, ಅದರಲ್ಲಿ ಬಡವರಿಗೂ ಪಾಲಿಡಿ ಅಂತ. ಆದರೆ ಅದನ್ನು ಓದುವಾಗ ಎಲ್ಲರ ತಲೆಯಲ್ಲೂ ಮೆಟ್ರೋ ಓಡುತ್ತದೆ. ನಮ್ಮಂಥ ಊರಿಗೆ ಮೆಟ್ರೋ ಯಾಕೆ, ಹೊತ್ತಿಗೆ ಸರಿಯಾಗಿ ಬರುವ ಬಸ್ ಸಾಕು. ನಮ್ಮೂರನ್ನು ಸಿಂಗಾಪುರ ಮಾಡ್ತೀವಿ ಅಂತ ಭಾಷಣ ಬಿಗಿಯೋರಿಗೆ ಒಂದು ಮಾತು. ಅಲ್ಲಿ ಹತ್ತರಲ್ಲಿ ಹತ್ತಿರ ಹತ್ತಿರ ಎಂಟು ಜನ ಇರೋದು ಸರ್ಕಾರ ಕಟ್ಟಿದ ಮನೆಗಳಲ್ಲೇ. ಆ ಬಡಾವಣೆಗಳ ನಕ್ಷೆಯಲ್ಲಿ ಬಸ್ ನಿಲ್ದಾಣಕ್ಕೂ ಜಾಗ ಗುರುತಿಸಿರುತ್ತಾರೆ. ಮಾಡೋದಾದರೆ ಇದನ್ನು ಮಾಡಿ.

ಮೊನ್ನೆ ನಮಗೆ ನೋಟಿಸ್ ಬಂತು. ಮನೆಗೆ ಬೀಗ ಹಾಕಿದ್ದೀರಿ, ವಾಸ ಮಾಡದಿದ್ದರೆ ಹಂಚಿಕೆ ರದ್ದು. ಏನು ಬರೆಯಲಿ ಅಂತ ಅಮ್ಮನನ್ನು ಕೇಳಿದೆ. ಮೆಷಿನ್ನಿನ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಬೆಳಿಗ್ಗಿ ಏಳೂವರಿಗೆ ಒಂದು ಬಸ್ಸು, ರಾತ್ರಿ ಒಂಬತ್ತೂವರಿಗೆ ಒಂದು ಬಸ್ಸು ಬಿಡ್ರಿ, ಅವತ್ತೇ ಬೀಗ ತಗೀತೀವಿ ಅಂತ ಬರಿ."

ಹಾಗೇ ಬರೆದು ಕಚೇರಿಗೆ ಕೊಟ್ಟು ಬಂದೆ. ಟಪಾಲು ತಗೊಳ್ಳುವ ಗುಮಾಸ್ತರು ಪೂರ್ತಿ ಓದಿದರು, ಒಳ್ಳೆಯವರು. ಸೀಲ್ ಒತ್ತುತ್ತಾ ಅಂದರು, "ಮನಿದು ಅಷ್ಟೇ ನಮ್ದು. ಬಸ್ಸಿಂದು ನಮ್ಮ ಇಲಾಖಿ ಅಲ್ರೀ."