ಹತ್ತು ದಿನದ ನೋಟ್‌ಬುಕ್

ಮಂಗಳೂರು, ಜುಲೈ 6, 2025, ಭಾನುವಾರ

ಬೆಳಗ್ಗಿನಿಂದ ಬಿಡದೆ ಮಳೆ. ಆದರೂ ಹನ್ನೊಂದು ಮಕ್ಕಳೂ ಮನೆಗೆ ಬಂದರು. ಹೋದ ತಿಂಗಳು ಜರ್ಮನಿಯ ಟ್ಯೂಬಿಂಗನ್‌ಗೆ ಹತ್ತು ದಿನಕ್ಕೆ ನನ್ನ ಜೊತೆ ಬಂದಿದ್ದ ಎಂ.ಎ. ಮಕ್ಕಳು. ಪತ್ರೊಡೆ ಮಾಡಿಟ್ಟಿದ್ದೆ. ತಿಂದು ಕೈ ತೊಳೆದು ಎಲ್ಲರೂ ತಮ್ಮ ತಮ್ಮ ನೋಟ್‌ಬುಕ್ ತೆಗೆದರು.

ಹೊರಡುವ ಮೊದಲೇ ಹೇಳಿದ್ದೆ: ದಿನಾ ಎರಡು ಪುಟ ಬರೆಯಿರಿ. ಎಡಗಡೆ ಕಣ್ಣಿಗೆ ಕಂಡದ್ದು, ಬಲಗಡೆ ಅದರ ಬಗ್ಗೆ ಅನ್ನಿಸಿದ್ದು. ಎರಡನ್ನೂ ಬೆರೆಸಬೇಡಿ. ಆಗ ಎಲ್ಲರೂ ಗೊಣಗಿದ್ದರು.

ಬಂಟ್ವಾಳದ ಹುಡುಗಿ ಮೊದಲು ಓದಿದಳು. ಎಡಪುಟ: "ಭಾನುವಾರ. ಸೂಪರ್‌ಮಾರ್ಕೆಟ್ ಬಂದ್. ಬಟ್ಟೆ ಅಂಗಡಿಗಳೂ ಬಂದ್." ಬಲಪುಟ: "ಸೋಮಾರಿ ಜನ. ವ್ಯಾಪಾರವೇ ಬೇಡ ಇವರಿಗೆ." ಆ ಸಾಲಿನ ಮೇಲೆ ಮೂರು ದಿನ ಬಿಟ್ಟು ಗೀಟು ಎಳೆದಿದ್ದಾಳೆ. ಅವಳು ಉಳಿದುಕೊಂಡಿದ್ದ ಮನೆಯ ಅಜ್ಜಿ ಹಿಂದೆ ಅಂಗಡಿಯಲ್ಲಿ ಕೆಲಸ ಮಾಡಿದವರು. ವಾರದಲ್ಲಿ ಮನೆಯವರೆಲ್ಲ ಒಟ್ಟಿಗೆ ಉಣ್ಣುತ್ತಿದ್ದ ದಿನ ಅದೊಂದೇ ಅಂದರಂತೆ. ಭಾನುವಾರದ ವಿಶ್ರಾಂತಿಗೆ ಅಲ್ಲಿನ ಸಂವಿಧಾನದಲ್ಲೇ ರಕ್ಷಣೆ ಉಂಟು. ಗೀಟಿನ ಕೆಳಗೆ ಅವಳು ಹೀಗೆ ಬರೆದಿದ್ದಳು: "ನನ್ನ ಅಕ್ಕ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವುದು. ಅವಳಿಗೆ ರಜೆ ಯಾವಾಗ? ನಾನು ಒಮ್ಮೆಯೂ ಕೇಳಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸುರತ್ಕಲ್‌ನ ಹುಡುಗನದ್ದು ಬಸ್ಸಿನ ಕತೆ. ಪಕ್ಕದಲ್ಲಿ ಕೂತವರು ಮಾತಾಡಿಸಲಿಲ್ಲ, ಜಂಬ ಜಾಸ್ತಿ ಅಂತ ಬರೆದಿದ್ದ. ದಾರಿ ತಪ್ಪಿದ ದಿನ ಅಂಥವರೇ ಒಬ್ಬರು ಇಳಿದು, ಅರ್ಧ ಕಿಲೋಮೀಟರ್ ಜೊತೆಗೆ ನಡೆದು ಮನೆ ತೋರಿಸಿದರಂತೆ. ಆಗಲೂ ಜಾಸ್ತಿ ಮಾತಿಲ್ಲ.

ಹತ್ತು ದಿನದಲ್ಲಿ ಒಂದು ದೇಶ ಅರ್ಥ ಆಗುವುದಿಲ್ಲ, ಅದು ನನಗೂ ಗೊತ್ತು. ಜರ್ಮನಿಯಿಂದ ಬಂದ ಪಾದ್ರಿ ಕಿಟ್ಟೆಲ್ ಅವರನ್ನೇ ನೋಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಡೆಯಿಂದ ನಮ್ಮ ಕಡೆಗೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ! ಅವರು 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ನೆಕರ್ ನದಿಯ ಸೇತುವೆ ಮೇಲೆ ನಿಂತು ಇದನ್ನು ಹೇಳಿದಾಗ ಮಕ್ಕಳು ಮೊಬೈಲ್ ಕೆಳಗಿಟ್ಟು ಕೇಳಿದ್ದರು.

ಹತ್ತು ದಿನಕ್ಕೆ ಆಗುವುದು ಬೇರೆ. ನೋಡಿದ ಕೂಡಲೇ ತೀರ್ಪು ಕೊಡುವ ಅಭ್ಯಾಸ ಸ್ವಲ್ಪ ಸಡಿಲ ಆಗುತ್ತದೆ. ಅದೂ ಸುಮ್ನೆ ಆಗುವುದಲ್ಲ. ಕೋಟೆ, ಚರ್ಚು, ಸೆಲ್ಫಿ ಅಂತ ಓಡಾಡಿದರೆ ಹೋದ ಹಾಗೆಯೇ ವಾಪಸ್ ಬರುತ್ತಾರೆ. ಒಬ್ಬರ ಮನೆಯಲ್ಲಿ ಉಳಿಯಬೇಕು, ತರಕಾರಿ ತರಬೇಕು, ದಾರಿ ತಪ್ಪಬೇಕು. ಬಂದ ಮೇಲೆ ಹೀಗೆ ಕೂತು ಓದಬೇಕು. ಈ ಕೊನೆಯ ಕೆಲಸಕ್ಕೆ ಯಾವ ಪ್ರವಾಸದ ಪಟ್ಟಿಯಲ್ಲೂ ಜಾಗ ಇರುವುದಿಲ್ಲ. ನನಗೆ ಅದೇ ಮುಖ್ಯ.

ಇನ್ನೂ ಮೂವರು ಬರಬೇಕಿತ್ತು. ದುಡ್ಡು ಹೊಂದಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪ್ರಶ್ನೆ ಕೇಳುವವಳು ಅವರಲ್ಲಿ ಒಬ್ಬಳು. ಯುರೋಪಿನ ಮಕ್ಕಳಿಗೆ 1987ರಿಂದಲೇ ಎರಾಸ್ಮಸ್ ಯೋಜನೆ ಉಂಟು, ಹೊರದೇಶದಲ್ಲಿ ಓದಲು ಖರ್ಚಿಗೆ ನೆರವು ಸಿಗುತ್ತದೆ. ನಮ್ಮವರು ಅಪ್ಪನ ಮುಖ ನೋಡಬೇಕು. ಇದು ನನಗೆ ತುಂಬಾ ನೋವು ಕೊಡುತ್ತದೆ. ಮುಂದಿನ ವರ್ಷಕ್ಕೆ ಈಗಿನಿಂದಲೇ ಹಳೆ ವಿದ್ಯಾರ್ಥಿಗಳ ಹತ್ತಿರ ಕೇಳಲು ಶುರು ಮಾಡುತ್ತೇನೆ.

ಸಂಜೆ ಎಲ್ಲರೂ ಹೊರಟರು. ಬಂಟ್ವಾಳದವಳು ಮಾತ್ರ ಬಾಗಿಲ ಹತ್ತಿರ ನಿಂತಳು.

"ಮೇಡಂ, ಅಕ್ಕನಿಗೆ ಇವತ್ತೂ ಡ್ಯೂಟಿ ಉಂಟು. ಎಂಟು ಗಂಟೆಗೆ ಬಿಡುವುದು. ನಾನು ಅಲ್ಲಿಗೇ ಹೋಗಿ ಒಟ್ಟಿಗೆ ಮನೆಗೆ ಹೋಗ್ತೇನೆ. ಸ್ವಲ್ಪ ಪತ್ರೊಡೆ ಕೊಡ್ತೀರಾ?"

ಉಳಿದದ್ದನ್ನೆಲ್ಲ ಬಾಳೆಎಲೆಯಲ್ಲಿ ಕಟ್ಟಿ ಕೊಟ್ಟೆ.