ನಿಷೇಧ ಮುಗಿಸಿ ಮರಳಿ ಬಂದವರು

2017ರ ಆಗಸ್ಟ್‌ನಲ್ಲಿ ಲಂಡನ್ನಿನ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ 100 ಮೀಟರ್ ಓಟವನ್ನು, ಉದ್ದೀಪನ ಮದ್ದು ಸೇವನೆಗಾಗಿ ಹಿಂದೆ ನಿಷೇಧಕ್ಕೊಳಗಾಗಿದ್ದ ಅಮೆರಿಕದ ಜಸ್ಟಿನ್ ಗ್ಯಾಟ್ಲಿನ್ 9.92 ಸೆಕೆಂಡುಗಳಲ್ಲಿ ಗೆದ್ದಾಗ ತುಂಬಿದ ಕ್ರೀಡಾಂಗಣದಿಂದ ಕೇಳಿಬಂದದ್ದು ಧಿಕ್ಕಾರದ ಕೂಗು. ಗೆದ್ದವರು ಮೂರನೆಯವರಾಗಿ ಬಂದ ಉಸೇನ್ ಬೋಲ್ಟ್ ಅವರ ಮುಂದೆ ಮಂಡಿಯೂರಿದರು. ಬೋಲ್ಟ್ ಗ್ಯಾಟ್ಲಿನ್ ಅವರನ್ನು ತಬ್ಬಿಕೊಂಡರು. ಆ ದೃಶ್ಯ ನೆನಪಾದಾಗಲೆಲ್ಲ ನಾನು ಯಾರ ಪಕ್ಷ, ಬೋಲ್ಟ್ ಅವರದೋ ಪ್ರೇಕ್ಷಕರದೋ ಎಂದು ಕೇಳಿಕೊಳ್ಳುತ್ತೇನೆ.

ಗ್ಯಾಟ್ಲಿನ್ ಎರಡು ಸಲ ಸಿಕ್ಕಿಬಿದ್ದವರು ನಿಜ, ಆದರೆ ಎರಡೂ ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 2001ರಲ್ಲಿ ಪತ್ತೆಯಾದ ಆಂಫೆಟಮೈನ್, ಏಕಾಗ್ರತೆಯ ಕೊರತೆಗೆಂದು ಬಾಲ್ಯದಿಂದ ಸೇವಿಸುತ್ತಿದ್ದ ಔಷಧದಲ್ಲಿದ್ದದ್ದು. 2006ರಲ್ಲಿ ಪತ್ತೆಯಾದದ್ದು ಸ್ನಾಯು ಬೆಳೆಸುವ ಹಾರ್ಮೋನು ಟೆಸ್ಟೋಸ್ಟೆರಾನ್. ಅದಕ್ಕಾಗಿ ನಾಲ್ಕು ವರ್ಷ ಹೊರಗುಳಿದು 2010ರಲ್ಲಿ ಮರಳಿದರು. ವಿಧಿಸಿದ ಶಿಕ್ಷೆಯನ್ನು ಪೂರ್ತಿ ಅನುಭವಿಸಿದವರಿಗೆ ಬಾಗಿಲು ತೆರೆಯಲೇಬೇಕು ಎಂದು ನಾನು ನಂಬುತ್ತೇನೆ. ಸಿಕ್ಕಿಬಿದ್ದವರನ್ನು ಒಲಿಂಪಿಕ್ಸ್‌ನಿಂದ ಆಜೀವ ದೂರವಿಡುವ ಬ್ರಿಟಿಷ್ ಒಲಿಂಪಿಕ್ ಸಂಸ್ಥೆಯ ನಿಯಮವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಒಪ್ಪಲಿಲ್ಲ. ಓಟಗಾರ ಡ್ವೇನ್ ಚೇಂಬರ್ಸ್ ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಆ ತೀರ್ಪಿನಿಂದ.

ಆದರೂ ಒಂದು ಅಳುಕು ನನ್ನನ್ನು ಬಿಡುವುದಿಲ್ಲ. ಟೆಸ್ಟೋಸ್ಟೆರಾನ್ ಕೊಟ್ಟು ಬೆಳೆಸಿದ ಇಲಿಗಳ ಸ್ನಾಯುವಿನಲ್ಲಿ ಹೆಚ್ಚಿದ ಕೋಶಕೇಂದ್ರಗಳು ಮದ್ದು ನಿಲ್ಲಿಸಿ ಮೂರು ತಿಂಗಳಾದರೂ ಉಳಿದಿದ್ದವು, ಮತ್ತೆ ಕೆಲಸ ಕೊಟ್ಟಾಗ ಆ ಸ್ನಾಯುಗಳು ಬೇಗನೆ ಬಲಿತವು ಎಂದು ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಇಲಿಯ ಲೆಕ್ಕವನ್ನು ಮನುಷ್ಯನಿಗೆ ನೇರವಾಗಿ ಹಚ್ಚಲಾಗದು. ಆದರೆ ನಿಷೇಧದ ಅವಧಿ ಮುಗಿದರೂ ಮದ್ದಿನ ಲಾಭ ಮುಗಿದಿರಲಿಕ್ಕಿಲ್ಲ ಎಂಬ ಸಂಶಯಕ್ಕೆ ಅಷ್ಟು ಸಾಕು.

ಇನ್ನು, ಮೊದಲ ಅವಕಾಶವನ್ನೇ ಕಳೆದುಕೊಂಡವರ ಮಾತು. 2004ರ ಒಲಿಂಪಿಕ್ಸ್‌ನ ಗುಂಡು ಎಸೆತ ನಡೆದದ್ದು ಪುರಾತನ ಒಲಿಂಪಿಯಾದ ನೆಲದಲ್ಲಿ. ಅಮೆರಿಕದ ಆಡಂ ನೆಲ್ಸನ್, ಉಕ್ರೇನಿನ ಯೂರಿ ಬಿಲೊನೊಗ್ ಇಬ್ಬರೂ 21.16 ಮೀಟರ್ ಎಸೆದಿದ್ದರು. ಎರಡನೆಯ ಉತ್ತಮ ಎಸೆತದ ಬಲದಿಂದ ಚಿನ್ನ ಬಿಲೊನೊಗ್ ಪಾಲಾಯಿತು. ಕಾಯ್ದಿಟ್ಟಿದ್ದ ಮಾದರಿಯನ್ನು ಮತ್ತೆ ಪರೀಕ್ಷಿಸಿದಾಗ ಅವರು ಮದ್ದು ಸೇವಿಸಿದ್ದು ಗೊತ್ತಾಗಿ, 2012ರಲ್ಲಿ ಪದಕವನ್ನು ಕಿತ್ತುಕೊಳ್ಳಲಾಯಿತು. ನೆಲ್ಸನ್ ಕೈಗೆ ಚಿನ್ನ ಸೇರಿದ್ದು ಮರುವರ್ಷ, ಅಟ್ಲಾಂಟಾ ವಿಮಾನ ನಿಲ್ದಾಣದ ಊಟದ ಅಂಗಳದಲ್ಲಿ. ರಾಷ್ಟ್ರಗೀತೆಯಿಲ್ಲ, ವೇದಿಕೆಯಿಲ್ಲ, ಸುತ್ತ ವಿಮಾನಕ್ಕೆ ಕಾಯುವ ಅಪರಿಚಿತರು.

ಹಾಗಾಗಿ, ಮರಳಿ ಬರುವವರಿಂದ ನಾನು ಬಯಸುವುದು ಕ್ಷಮೆಗಿಂತ ಹೆಚ್ಚಾಗಿ ಮಾಹಿತಿಯನ್ನು. ಮದ್ದು ಕೊಟ್ಟವರು ಯಾರು, ಸೂಜಿ ಚುಚ್ಚಿದವರು ಯಾರು, ಗೊತ್ತಿದ್ದೂ ಸುಮ್ಮನಿದ್ದ ತರಬೇತುದಾರ ಯಾರು ಎಂಬುದನ್ನು ಅವರು ಹೇಳಬೇಕು. ಇತರರನ್ನು ಹಿಡಿಯಲು ನೆರವಾದವರ ನಿಷೇಧದಲ್ಲಿ ಮುಕ್ಕಾಲು ಭಾಗದವರೆಗೆ ತಡೆಹಿಡಿಯಲು ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯಲ್ಲಿ ಅವಕಾಶವಿದೆ. ಬಾಯಿ ಬಿಟ್ಟವರು ಬೇಗ ಮರಳಲಿ, ನನ್ನ ತಕರಾರಿಲ್ಲ. ಅವರ ಒಂದು ಮಾತಿನಿಂದ ಇನ್ನೊಬ್ಬ ನೆಲ್ಸನ್‌ಗೆ ಪದಕ ಕ್ರೀಡಾಂಗಣದಲ್ಲೇ ಸಿಗಬಹುದು.