ಮುಂದಿನ ಚಕ್ರ ಎದ್ದಿತು, ಅಪರಾಧಿ ರಬ್ಬರ್

ಮೂರು ಭಾನುವಾರ, ಎರಡು ಒಡೆದ ಇಟ್ಟಿಗೆ, ಅಡುಗೆಮನೆಯಿಂದ ಕಾಣೆಯಾದ ತರಕಾರಿ ಹೆಚ್ಚುವ ಒಂದು ಬೋರ್ಡು. ಖರ್ಚು ಇಷ್ಟು. ಮುಂದಿನ ಚಕ್ರ ಈಗ ನೆಲ ಬಿಟ್ಟು 95 ಮಿ.ಮೀ. ಮೇಲಿದೆ, ಹ್ಯಾಂಡಲ್ ಹಿಡಿದು ಅಲುಗಿಸಿದರೂ ಬೈಕು ಜಪ್ಪಯ್ಯ ಅನ್ನುತ್ತಿಲ್ಲ. ಆಕ್ಸಲ್ ಕಳಚುವುದು, ಬ್ರೇಕಿನ ಕ್ಯಾಲಿಪರ್ ತೂಗುಹಾಕುವುದು, ಪ್ಯಾಡ್‌ಗಳ ಮಧ್ಯೆ ರಟ್ಟು ತುರುಕುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಈ ಸಲದ ಪುಟವೆಲ್ಲ ಎತ್ತುವ ತಲೆನೋವಿಗೇ ಮೀಸಲು.

ಉದ್ದೇಶ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಬದಲಿಸುವುದು. ಹಾಗಾಗಿ ಮುಂದಿನ ಚಕ್ರ ಹಿಡಿದ ಫೋರ್ಕಿನ ಬುಡಕ್ಕೆ ಕೊಟ್ಟು ಎತ್ತುವ ಪ್ಯಾಡಾಕ್ ಸ್ಟ್ಯಾಂಡ್ ಯಾರಾದರೂ ಪುಕ್ಕಟೆ ಕೊಟ್ಟರೂ ಪ್ರಯೋಜನವಿಲ್ಲ, ಫೋರ್ಕೇ ಹೊರಗೆ ಬರಬೇಕಲ್ಲ. ಭಾರ ಚಾಸಿಯ ಮೇಲೆ ನಿಲ್ಲಬೇಕು.

ಬೈಕಿನ ಲೆಕ್ಕ: ತೂಕ 180 ಕೆ.ಜಿ., ವೀಲ್‌ಬೇಸ್ 1370 ಮಿ.ಮೀ., ಸೆಂಟರ್ ಸ್ಟ್ಯಾಂಡಿನ ಕಾಲು ಹಿಂದಿನ ಆಕ್ಸಲ್‌ಗಿಂತ 420 ಮಿ.ಮೀ. ಮುಂದೆ. ಇಂಜಿನ್ ಕೆಳಗೆ ಅದನ್ನು ಹೊತ್ತ ಚಾಸಿಯ ಎರಡು ಪೈಪು, ಅವೇ ಕ್ರೇಡಲ್. ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರದಡಿ ಮನೆಯ ತೂಕದ ಯಂತ್ರ ಇಟ್ಟರೆ 40 ಕೆ.ಜಿ. ತೋರಿಸುತ್ತದೆ. ಅಂದರೆ ಸೀಟಿನ ತುದಿಯ ಕ್ಯಾರಿಯರ್ ಮೇಲೆ, ಸ್ಟ್ಯಾಂಡಿಗಿಂತ 700 ಮಿ.ಮೀ. ಹಿಂದೆ, ಸುಮಾರು 54 ಕೆ.ಜಿ. ಹೇರಿದರೆ ತಕ್ಕಡಿ ಸಮ. ಸಿಮೆಂಟ್ ಮೂಟೆ 50 ಕೆ.ಜಿ., ನಾಲ್ಕೇ ಕೆ.ಜಿ.ಗೆ ಮುಖಭಂಗ. ಮೂಟೆ ಹೇರಿ ಹಿಂಬದಿ ಒತ್ತಿದರೆ ಎದ್ದು ನಿಲ್ಲುವುದೇನೋ ಹೌದು, ಏಕೆಂದರೆ ಬೈಕು ವಾಲುತ್ತಿದ್ದಂತೆ ಅದರ ಭಾರವೂ ಹಿಂದಕ್ಕೆ ಸರಿಯುತ್ತದೆ. ಆದರೆ ಟ್ಯಾಂಕಿಗೆ ಮೊಣಕೈ ತಾಗಿದರೂ ಸಾಕು, ಧಡ್ ಅಂತ ಇಳಿಯುತ್ತದೆ. 20 ಲೀಟರಿನ ಮೂರು ನೀರಿನ ಕ್ಯಾನ್ ಕಟ್ಟಿದರೆ ತೂಕ ಸಾಕಾಗುತ್ತದೆ, ಆದರೆ ಅವು ತುಳುಕುತ್ತವೆ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವ ಉಪಾಯ ಕೋನ್‌ಸೆಟ್ ಸಡಿಲವಾಗಿದೆಯೇ ಎಂದು ಪರೀಕ್ಷಿಸುವಷ್ಟು ಹೊತ್ತಿಗೆ ಚೆನ್ನ, ಅವರಿಗೆ ಫೋನ್ ಬರುವ ತನಕ. ಸಿಲಿಂಡರ್ ಕಟ್ಟೋಣ ಅನ್ನುವವರು ದಯವಿಟ್ಟು ಸಿಮೆಂಟಿಗೇ ಹಿಂತಿರುಗಿ.

ಇನ್ನು ಜಾಕ್. ಕಾರಿನ ಡಿಕ್ಕಿಯಲ್ಲಿ ಬರುವ ಸಿಸರ್ ಜಾಕ್, ಶಿವಾಜಿನಗರದ ಗುಜರಿಯದ್ದು. ಮೊದಲ ಸಲ ತಿರುಗಿಸಿದಾಗ ಚಾಸಿ ಎದ್ದಿತು, ಚಕ್ರ ಏಳಲಿಲ್ಲ. ಫೋರ್ಕ್ ಪೈಪಿಗೆ ಟೇಪ್ ಸುತ್ತಿ ಅಳೆದರೆ ಕಾರಣ ಸಿಕ್ಕಿತು: 40 ಕೆ.ಜಿ.ಗೆ ಕುಗ್ಗಿದ್ದ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳಲು 27 ಮಿ.ಮೀ. ನುಂಗುತ್ತದೆ. ಆ ಸುಂಕ ಕಟ್ಟಿದ ಮೇಲಷ್ಟೇ ಟೈರು ನೆಲ ಬಿಡುತ್ತದೆ.

ಎರಡನೆಯ ಮಿತಿ ಹಿಂದಿನ ಚಕ್ರ. ಸ್ಟ್ಯಾಂಡ್ ಹಾಕಿದಾಗ ಅದು ನೆಲದಿಂದ 28 ಮಿ.ಮೀ. ಮೇಲಿತ್ತು. ಬೈಕು ಸ್ಟ್ಯಾಂಡಿನ ಕಾಲಿನ ಮೇಲೆ ಏತದಂತೆ ತೂಗುವುದರಿಂದ, ಹಿಂದೆ 28 ಇಳಿದರೆ ಮುಂದೆ 63 ಏಳುತ್ತದೆ. ಅದರಲ್ಲಿ 27 ಕಳೆದರೆ ಉಳಿದದ್ದು 36. ಮಡ್‌ಗಾರ್ಡ್ ತಪ್ಪಿಸಿ ಚಕ್ರ ಹೊರಗೆಳೆಯಲು ಕನಿಷ್ಠ 70 ಬೇಕು. ಹಟ ಹಿಡಿದು ಇನ್ನಷ್ಟು ತಿರುಗಿಸಿದರೆ ಸ್ಟ್ಯಾಂಡಿನ ಎರಡೂ ಕಾಲು ನೆಲ ಬಿಡುತ್ತವೆ, ಬೈಕು ಹಿಂದಿನ ಟೈರು ಮತ್ತು ಜಾಕ್ ಎಂಬ ಎರಡೇ ಬಿಂದುಗಳ ಮೇಲೆ ಓಲಾಡುತ್ತದೆ. ಇಟ್ಟಿಗೆಗಳು ಒಡೆದದ್ದು ಆಗಲೇ. ಪರಿಹಾರ ಸುಲಭ: ಸ್ಟ್ಯಾಂಡಿನ ಎರಡೂ ಕಾಲಿನಡಿ ಅಗಲವಾದ ಒಂದೇ 18 ಮಿ.ಮೀ. ಪ್ಲೈವುಡ್ ತುಂಡು. ಎರಡು ತುಂಡು ಬೇಡ, ಒಂದು ಸರಿದರೆ ಮುಗಿಯಿತು. ಮುಂದಿನ ಚಕ್ರ ನೆಲದ ಮೇಲೇ ಇರುವುದರಿಂದ ಹಿಂದಿನದು 18ಕ್ಕಿಂತ ಹೆಚ್ಚೇ ಏರುತ್ತದೆ: ಈಗ ಹಿಂದೆ 54, ಮುಂದೆ 122, ಸುಂಕ ಕಳೆದು 95.

ಕಾಗದದ ಮೇಲೆ ಎಲ್ಲ ಸರಿಯಾಯಿತು. ಆದರೂ ಜಾಕ್ ಪ್ರತಿ ಸಲ ಅರ್ಧ ದಾರಿಯಲ್ಲಿ ಹಿಂದಕ್ಕೆ ವಾಲಿ, ತಲೆಯ ಮೇಲಿಟ್ಟ ಮರದ ತುಂಡನ್ನು ಉಗುಳುತ್ತಿತ್ತು. ಇದಕ್ಕೇ ಎರಡು ಭಾನುವಾರ ಹೋದವು.

ಕಾರಣ ಇದು. ಜಾಕ್ ನೆಟ್ಟಗೆ ಮೇಲೇರುತ್ತದೆ, ಕ್ರೇಡಲ್ ಪೈಪು ಕಮಾನಿನಂತೆ ಸಾಗುತ್ತದೆ. ಜಾಕ್ ಕೊಟ್ಟ ಜಾಗ ಸ್ಟ್ಯಾಂಡಿನ ಕಾಲಿಗಿಂತ 350 ಮಿ.ಮೀ. ಮುಂದೆ, 185 ಮಿ.ಮೀ. ಮೇಲೆ. ಅದು 43 ಮಿ.ಮೀ. ಏರುವಷ್ಟರಲ್ಲಿ ಸುಮಾರು 27 ಮಿ.ಮೀ. ಹಿಂದಕ್ಕೂ ಸರಿಯುತ್ತದೆ. ಪೈಪು ಜಾರಿಕೊಂಡು ಹೋಗಿದ್ದರೆ ತೊಂದರೆಯಿರಲಿಲ್ಲ. ಆದರೆ ಊರಿನವರೆಲ್ಲ ಹೇಳುವಂತೆ, ಜಾರಬಾರದೆಂದು ಮರದ ಮೇಲೆ ಹಳೇ ಟ್ಯೂಬಿನ ರಬ್ಬರ್ ಹೊಡೆದಿತ್ತು. ರಬ್ಬರ್ ಪೈಪನ್ನು ಕಚ್ಚಿ ಹಿಡಿದು ಜಾಕಿನ ತಲೆಯನ್ನೇ ಎಳೆದುಕೊಂಡು ಹೋಯಿತು. ಹಿಡಿಕೆ ಪಕ್ಕದಿಂದ ತಿರುಗಿಸಬೇಕೆಂದು ಜಾಕಿನ ಸ್ಕ್ರೂ ಬೈಕಿಗೆ ಅಡ್ಡಲಾಗಿದೆ, ಹಾಗಾಗಿ ಅದರ ಪಾದದ ಕಿರಿದಾದ ಬದಿ, ಬರೀ 80 ಮಿ.ಮೀ., ಬೈಕಿನ ಉದ್ದಕ್ಕೆ ಬಂತು. ಜಾಕ್ ಮತ್ತು ಮರ ಸೇರಿ ಎತ್ತರ 185. ಪಾದದ ಅರ್ಧ, ಅಂದರೆ 40ನ್ನು, 185ರಿಂದ ಭಾಗಿಸಿದರೆ 0.22. ಘರ್ಷಣೆ ಅದಕ್ಕಿಂತ ಹೆಚ್ಚಿದ್ದರೆ ಜಾರುವ ಮೊದಲೇ ಜಾಕ್ ಮಗುಚುತ್ತದೆ. ರಬ್ಬರ್ ಅದರ ಮೂರು ಪಟ್ಟು ಹಿಡಿಯುತ್ತದೆ. ಹಿಡಿತ ಬೇಕಾದದ್ದು ಅಡ್ಡಕ್ಕೆ, ಉದ್ದಕ್ಕಲ್ಲ!

ಹಾಗಾಗಿ ರಬ್ಬರ್ ಕಿತ್ತು, ಆ ಜಾಗಕ್ಕೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಬೋರ್ಡಿನ ಪಟ್ಟಿ. ನುಣುಪು, ಆದರೆ ಗಟ್ಟಿ. ಕೆಳಗೆ 40 ಮಿ.ಮೀ. ದಪ್ಪದ ಗಟ್ಟಿ ಮರ, ಎರಡು ಕ್ರೇಡಲ್ ಪೈಪಿಗೂ ಅಡ್ಡ ಬರುವಷ್ಟು ಉದ್ದ, ಎರಡೂ ತುದಿಗೆ ಪೈಪಿನ ಹೊರಮೈ ತಡೆಯುವಂತೆ ಸ್ಕ್ರೂ ಹಾಕಿದ ರೀಪರ್ ತುಂಡು. ಅಡ್ಡಕ್ಕೆ ಅಲುಗದು, ಉದ್ದಕ್ಕೆ ಸಲೀಸು. ಜಾಕಿನ ಪಾದಕ್ಕೆ 8 ಮಿ.ಮೀ. ತೂತು ಎರಡು ಕೊರೆದು, ಅಡಿಯಲ್ಲಿ 300 ಮಿ.ಮೀ. ಚೌಕದ ಪ್ಲೈವುಡ್‌ಗೆ ಬೋಲ್ಟ್ ಬಿಗಿದದ್ದರಿಂದ ಮಗುಚುವ ಮಿತಿ 0.22ರಿಂದ 0.8ರ ಹತ್ತಿರಕ್ಕೆ ಹೋಯಿತು. ಬೋಲ್ಟಿನ ತಲೆ ಪ್ಲೈ ಒಳಗೆ ಹೂತಿರಲಿ, ಇಲ್ಲದಿದ್ದರೆ ಹಲಗೆ ತೊಟ್ಟಿಲಾಗುತ್ತದೆ. ಜಾಕನ್ನು ಪೂರ್ತಿ ಮುಚ್ಚಿ ಶುರು ಮಾಡಬೇಡಿ. ಮುಚ್ಚಿದ ಸ್ಥಿತಿಯಲ್ಲಿ ತಿರುಗಿಸಲು ಎಲ್ಲಕ್ಕಿಂತ ಹೆಚ್ಚು ಬಲ ಬೇಕು. ಇಲ್ಲಿ 145 ಮಿ.ಮೀ. ತೆರೆದ ಮೇಲೆ ಪೈಪಿಗೆ ತಾಗುತ್ತದೆ, ಅಲ್ಲಿಂದಾಚೆ ಒಂದೇ ಕೈ ಸಾಕು.

ಎದ್ದ ಮೇಲೆ ಕ್ರೇಡಲ್ ಅಡಿ 6 ಇಂಚಿನ ಸಾಲಿಡ್ ಬ್ಲಾಕ್, ಅದರ ಮೇಲೆ ಮರದ ತುಂಡುಗಳನ್ನು ಪೇರಿಸಿ ಜಾಕನ್ನು ಅರ್ಧ ಸುತ್ತು ಸಡಿಲಿಸಿ. ಭಾರ ಬ್ಲಾಕ್ ಮೇಲೆ ಕೂರಲಿ, ಜಾಕ್ ಕಾವಲಿಗಿರಲಿ. ಹಾಲೋ ಬ್ಲಾಕ್ ಬೇಡ, ಇಟ್ಟಿಗೆಯಂತೂ ಬೇಡವೇ ಬೇಡ. ಹಿಂದಿನ ಟೈರು ನೆಲ ಮುಟ್ಟಿದೆಯಲ್ಲ, ಮೊದಲ ಗೇರಿಗೆ ಹಾಕಿ. ಸ್ಟ್ಯಾಂಡಿನ ಕಾಲಿನಿಂದ ಇಂಜಿನ್ ಮುಂದೆ ಇಳಿಯುವ ಚಾಸಿಯ ಪೈಪಿಗೆ ಬೆಲ್ಟ್ ಬಿಗಿದರೆ ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳದು.

ಬೆಲ್ಟ್ ಅಂದಾಗ ನೆನಪಾಯಿತು. 25 ಮಿ.ಮೀ. ಅಗಲದ ಪಟ್ಟಿಗೆ ‘5 ಟನ್’ ಅಂತ ಚೀಟಿ ಅಂಟಿಸಿ ಮಾರುವವರ ಧೈರ್ಯಕ್ಕೆ ಕೈಮುಗಿಯಬೇಕು. ರ‍್ಯಾಚೆಟ್ಟಿನ ಹಲ್ಲು ಮೂರನೇ ಎಳೆತಕ್ಕೇ ಜಾರಿತು. ಪ್ಲೈವುಡ್ ಅಂಗಡಿಯಲ್ಲಿ ‘ಪೀಸ್ ಕೊಡಲ್ಲ ಸಾರ್, ಶೀಟ್ ತಗೊಳ್ಳಿ’ ಎಂಬ ಮಂತ್ರ. ಎಂಟಡಿ ನಾಲ್ಕಡಿ ಹಾಳೆಯಲ್ಲಿ ಬೇಕಾದದ್ದು ಎರಡು ತುಂಡು. ಕೊನೆಗೆ ಸಿಕ್ಕಿದ್ದು ಕಿಚನ್ ಕ್ಯಾಬಿನೆಟ್ ಮಾಡುವ ಬಡಗಿಯ ಕಸದ ರಾಶಿಯಲ್ಲಿ, ಒಂದು ಟೀಗೆ.

ಜಾಗದ ವಿಷಯ. ಬೆಂಗಳೂರಿನ ಮನೆಗಳ ಪಾರ್ಕಿಂಗಿನಲ್ಲಿ ಸಮತಟ್ಟಾಗಿ ಕಾಣುವುದು ಸಾಮಾನ್ಯವಾಗಿ ಸಂಪಿನ ಮುಚ್ಚಳ ಒಂದೇ. ಅದರ ಮೇಲೆ ಜಾಕ್ ಇಡುವ ಆಸೆ ಬರುತ್ತದೆ, ಬೇಡ. ಉಳಿದ ನೆಲ ಮಳೆನೀರು ಹೋಗಲೆಂದು ಗೇಟಿನ ಕಡೆ ಇಳಿಜಾರು. ಬೈಕಿನ ಮೂತಿ ಏರಿನ ಕಡೆಗಿರಲಿ, ಇಳಿಜಾರಿಗೆ ಮುಖ ಮಾಡಿದರೆ ಸ್ಟ್ಯಾಂಡ್ ತಾನಾಗಿ ಮಡಚುತ್ತದೆ.

ಸೆಂಟರ್ ಸ್ಟ್ಯಾಂಡ್ ಇಲ್ಲದ, ಹೊಟ್ಟೆಯಡಿ ಸೈಲೆನ್ಸರ್ ಇರುವ ಬೈಕುಗಳಿಗೆ ಈ ಲೆಕ್ಕ ಹೊಂದದು. ಅವಕ್ಕೆ ಹಿಂದೆ ಸ್ಟ್ಯಾಂಡ್ ಕೊಟ್ಟು, ಮುಂದೆ ಗಟ್ಟಿ ಏಣಿ ನಿಲ್ಲಿಸಿ ಚಾಸಿಗೆ ಬೆಲ್ಟ್ ಕಟ್ಟಿ ಎಳೆಯಬೇಕು. ಹಳೇ ಮನೆಯ ತೊಟ್ಟಿಲ ಕೊಂಡಿ ಚೆನ್ನಾಗಿಯೇ ಹೊರುತ್ತಿತ್ತು, ಆದರೆ ಅದಿರುವುದು ಹಾಲ್‌ನಲ್ಲಿ, ಬೈಕಿಗೆ ಅಲ್ಲಿ ಪ್ರವೇಶವಿಲ್ಲ.

ಇದೇ ಹಲಗೆಯ ಮೇಲೆ ಮುಂದೆ ಏರಬೇಕಾದದ್ದು ಹಳೇ ಯೆಜ್ಡಿ ಬೈಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಬಿಡಿಭಾಗ ಹುಡುಕಿ ಜೆ.ಸಿ. ರಸ್ತೆ ಸುತ್ತುವವರಿಗೆ ಕೊರತೆಯಿಲ್ಲ. ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವ ಗಾಡಿ ಅದು. ಆ ಶಾಫ್ಟಿನ ಎಣ್ಣೆ ಸೋರಿಕೆಗೇ ಬೇರೆ ಪುಟ ಬೇಕಾಗುತ್ತದೆ. ಹಗುರವಾದ್ದರಿಂದ 40 ಮಿ.ಮೀ. ಮರ ಸಾಲುತ್ತದೋ, ಎತ್ತರ ಬದಲಿಸಬೇಕೋ, ಅಳತೆ ತೆಗೆದ ಮೇಲೆ ಗೊತ್ತಾಗುತ್ತದೆ.

ಅದಕ್ಕೆ ಮೊದಲು ಕೋನ್‌ಸೆಟ್. ಫೋರ್ಕನ್ನು ಚಾಸಿಗೆ ಸೇರಿಸುವ ದಂಡ, ಸ್ಟೆಮ್, ಕೆಳಗಿಳಿಸಿದ ಕ್ಷಣ ಬೇರಿಂಗಿನ ಕೆಳಗಿನ ಬಟ್ಟಲಿನ ಗುಂಡುಗಳು ಉದುರುತ್ತವೆ, ಅಡಿಯಲ್ಲಿ ಬಿಳಿ ಪಂಚೆ ಹಾಸಿರಬೇಕು. ಇಲ್ಲಿ ಇನ್ನೊಂದು ಕೆಲಸವೂ ಇದೆ: ಎರಡಡಿ ದೂರದ ಸಂಪಿನ ಮುಚ್ಚಳಕ್ಕೆ ಬೆರಳು ಹಾಕಿ ಎತ್ತುವ ತೂತಿದೆ, ಗುಂಡಿಗಿಂತ ದೊಡ್ಡದು. ಅದಕ್ಕೆ ಮೊದಲು ಟೇಪ್.